ಕತ್ತೆ ಪದವಿಯಿಂದ ನನ್ನನ್ನು ತೆಗೆದುಹಾಕಿದ ಬಗ್ಗೆ

ಬೇಡಕಿಹಾಳ ಊರಾಚೆಯ ಇಟ್ಟಂಗಿ ಭಟ್ಟಿಯಲ್ಲಿ ಬಿಡಾರ ಹೂಡಿರುವ, ಉಭಯ ಕರ್ಣಗಳಿಂದ ಶೋಭಿತರಾದ, ಮಾನ್ಯ ಶ್ರೀ ಕತ್ತೆಯವರ ಸನ್ನಿಧಿಗೆ:

ಮಾನ್ಯರೇ,

ತಮ್ಮ ಹಿಂಗಾಲುಗಳು ಮುಟ್ಟದಷ್ಟು ದೂರದಲ್ಲಿ ನಿಂತು, ಎರಡೂ ಕೈ ಜೋಡಿಸಿ, ಚಿಕ್ಕೋಡಿ ಕೋರ್ಟಿನ ಆವರಣದಲ್ಲಿ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಕುಳಿತಿರುವ ಬಾಂಡ್ ರೈಟರ್ ಸುಧೀರ ಜ್ಞಾನದೇವ ಖೋತ ಮಾಡುವ ನಮಸ್ಕಾರಗಳು. ತಾವು ಕ್ಷೇಮದಿಂದಿದ್ದೀರೆಂದೂ, ಈ ಸಲದ ಹುಲ್ಲು ತಮ್ಮ ಅಭಿರುಚಿಗೆ ತಕ್ಕಂತಿದೆಯೆಂದೂ, ಭಟ್ಟಿಯ ಮಾಲಕರು ತಮ್ಮ ಬೆನ್ನ ಮೇಲೆ ಇಟ್ಟಂಗಿ ಹೇರುವಾಗ ಸ್ವಲ್ಪವಾದರೂ ದೇವರಿಗೆ ಅಂಜುತ್ತಾರೆಂದೂ ನಂಬಿದ್ದೇನೆ. ಊರ ಮಂದಿಯ ಖರೀದಿಪತ್ರ, ಆಸ್ತಿ ಹಂಚಿಕೆಯ ವಾಟ್ನಿಪತ್ರ, ಬಾಡಿಗೆ ಕರಾರುಗಳನ್ನು ಬರೆದು ಬರೆದು ನನ್ನ ಕೈಗೆ ನೆಟ್ಟಗಿನ ಮಾತು ಬರುವುದಿಲ್ಲ. ಒಂದು ಸಾಲಿನಲ್ಲಿ ಮುಗಿಯುವುದನ್ನು ‘ಸದರಿ’, ‘ಮೇಲ್ಕಾಣಿಸಿದ’ ಎಂದು ಎಳೆದು ಒಂದು ಪುಟ ಮಾಡುವುದೇ ನನ್ನ ಅನ್ನದ ದಾರಿಯಾದ್ದರಿಂದ, ಪತ್ರ ಉದ್ದವಾದರೆ ತಾವು ತಾಳಿಕೊಂಡು ಕೇಳಬೇಕಾಗಿ ವಿನಂತಿ. ತಾಳಿಕೊಳ್ಳುವುದರಲ್ಲಿ ತಮ್ಮನ್ನು ಮೀರಿಸಿದವರು ಈ ತಾಲ್ಲೂಕಿನಲ್ಲಿ ಯಾರೂ ಇಲ್ಲವೆಂದು ಕೇಳಿದ್ದೇನೆ.

ನನ್ನ ದೂರು ಇಷ್ಟು. 2011ರ ದೀಪಾವಳಿ ಪಾಡ್ಯದಿಂದ 2012ರ ದೀಪಾವಳಿ ಪಾಡ್ಯದವರೆಗೆ, ಇದೇ ಬೇಡಕಿಹಾಳದಲ್ಲಿರುವ ನನ್ನ ಮಾವನ ಮನೆಯಲ್ಲಿ ತಮ್ಮ ಹೆಸರು ನನ್ನ ಹೆಸರಾಗಿತ್ತು. ಆ ಮನೆಯವರು ನನ್ನನ್ನು ಕತ್ತೆಯೆಂದೇ ಕರೆದರು, ಕತ್ತೆಯೆಂದೇ ಬೇರೆಯವರಿಗೆ ಪರಿಚಯಿಸಿದರು, ಕತ್ತೆಯಂತೆಯೇ ದುಡಿಸಿಕೊಂಡರು. ಈಗ ಒಂದು ತಿಂಗಳಿಂದ ಸದರಿ ಹೆಸರನ್ನು ನನ್ನಿಂದ ಕಿತ್ತು ಬೇರೊಬ್ಬರಿಗೆ ಕೊಟ್ಟಿದ್ದಾರೆ. ನನಗೆ ಅದು ವಾಪಸು ಬೇಕು. ಇದನ್ನು ಕೇಳಿ ತಮ್ಮ ಕಿವಿ ನಿಮಿರಿದ್ದರೆ ಆಶ್ಚರ್ಯವಿಲ್ಲ. ನನ್ನ ಪಕ್ಕದ ಮೇಜಿನ ಸ್ಟ್ಯಾಂಪ್ ವೆಂಡರ್ ಜಿನ್ನಪ್ಪನಿಗೂ ಹಾಗೆಯೇ ಆಯಿತು. "ಮಂದಿ ಮರ್ಯಾದಿ ಬೇಕಂತ ಕೋರ್ಟಿಗೆ ಬರ್ತಾರ, ನೀ ಬ್ಯಾಡಂತ ಅರ್ಜಿ ಬರ್ಯಾಕತ್ತಿ ಅಲ್ಲೋ ಮಾರಾಯಾ" ಎಂದು ಅವನು ಕನ್ನಡಕ ತೆಗೆದು ಒರೆಸಿಕೊಂಡ.

ವಿಷಯಕ್ಕೆ ಬರುವ ಮೊದಲು ತಮ್ಮ ಹೆಸರಿನ ಘನತೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ಅಪಚಾರವಾದೀತು. ಶಬ್ದಕೋಶದವರು ತಮ್ಮನ್ನು ‘ಒಂದು ಸಾಕುಪ್ರಾಣಿ’ ಎಂದು ಎರಡು ಶಬ್ದಗಳಲ್ಲಿ ಮುಗಿಸಿದ್ದಾರೆ. ಅವರು ನಮ್ಮ ಕಡೆ ಬಂದವರಲ್ಲವೆಂದು ಕಾಣುತ್ತದೆ. ನಮ್ಮಲ್ಲಿ ಕತ್ತೆಯೆಂದರೆ ಮೊದಲು ತಾವು. ಆಮೇಲೆ, ಗಣಿತದ ಮಾಸ್ತರರ ಬಾಯಲ್ಲಿ, ಲೆಕ್ಕ ತಪ್ಪಿದ ಪ್ರತಿಯೊಬ್ಬ ವಿದ್ಯಾರ್ಥಿ. ಆಮೇಲೆ, ಮದುವೆ ಮಾಡಿಕೊಳ್ಳಲೊಲ್ಲದವನ ವಯಸ್ಸನ್ನು ಅಳೆಯುವ ಮಾಪು. ಬಾಯಿಮಾತಿನಲ್ಲಿ ನಾವು ತಮ್ಮನ್ನು ‘ಕತ್ತಿ’ ಎನ್ನುವುದರಿಂದ, ದಸರೆಯ ದಿನ ಪೂಜೆ ಮಾಡಿಸಿಕೊಳ್ಳುವ ಆಯುಧದ ಪಕ್ಕಕ್ಕೂ ತಮಗೊಂದು ಜಾಗ ಸಿಕ್ಕಿದೆ. ಇಷ್ಟೆಲ್ಲ ಆದ ಮೇಲೆ ತಾವು ಇಸ್ಪೀಟಿನ ಒಂದು ಆಟ.

ಇಸ್ಪೀಟಿನ ಆಟಗಳಿಗೆ ಹೆಸರಿಟ್ಟ ಪುಣ್ಯಾತ್ಮರು ಯಾರೆಂದು ತಿಳಿಯದು, ಆದರೆ ಅವರು ಹೊಸ ಶಬ್ದ ಹುಡುಕುವ ತೊಂದರೆ ತೆಗೆದುಕೊಂಡವರಲ್ಲ, ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡವರು. ‘ಬದಾಮ ಸಾತ’ ಎಂದು ಒಂದು ಆಟವಿದೆ, ಅದರಲ್ಲಿ ತಿನ್ನುವ ಬದಾಮು ಒಂದೂ ಇರುವುದಿಲ್ಲ. ‘ಲ್ಯಾಡೀಸ್’ ಎಂಬ ಆಟವನ್ನು ಗಂಡಸರೇ ಆಡುತ್ತಾರೆ, ಅದೇ ಹೆಸರು ಬರೆದ ಬಸ್ಸಿನ ಸೀಟಿನಲ್ಲಿಯೂ ಅವರೇ ಕೂರುತ್ತಾರೆ. ‘ನಾಟ್ ಅಟ್ ಹೋಮ್’ ಆಡಲು ಎಲ್ಲರೂ ಮನೆಯಲ್ಲೇ ಇರಬೇಕು. ‘ಭಿಕಾರ-ಸಾವಕಾರ’ವನ್ನು ಮಕ್ಕಳು ರಜೆಯಲ್ಲಿ ಎಲೆ ಹಿಡಿದು ಆಡಿದರೆ, ಕಬ್ಬು ಬೆಳೆಯುವ ದೊಡ್ಡವರು ವರ್ಷವಿಡೀ ಎಲೆಯಿಲ್ಲದೆಯೇ ಆಡುತ್ತಾರೆ. ಇನ್ನು ‘ಅಂದರ್-ಬಾಹರ್’ ಆಡಿದವರು ನಮ್ಮ ಬೇವಿನ ಮರದ ಮುಂದಿನಿಂದಲೇ ಪೊಲೀಸರೊಂದಿಗೆ ಒಳಗೆ ಹೋಗಿ, ವಕೀಲರೊಂದಿಗೆ ಹೊರಗೆ ಬರುವುದನ್ನು ನಾನು ಕುಳಿತಲ್ಲಿಂದಲೇ ನೋಡುತ್ತೇನೆ. ಆದರೆ ಮಾನ್ಯರೇ, ಈ ಹೆಸರುಗಳೆಲ್ಲ ಎಲೆ ಮಡಚಿಟ್ಟ ಕೂಡಲೇ ತಮ್ಮ ತಮ್ಮ ಮೂಲ ಕೆಲಸಕ್ಕೆ ಮರಳುತ್ತವೆ. ತಮ್ಮದೊಂದೇ ಆಟ ಮುಗಿದ ಮೇಲೆಯೂ ಮನುಷ್ಯನ ಬೆನ್ನು ಹತ್ತಿ ಅವನ ಜೊತೆ ಬೀದಿಗೆ ಬರುತ್ತದೆ.

ನನ್ನ ಬೆನ್ನು ಹತ್ತಿದ್ದು ಹೀಗೆ. 2011ರ ಬೇಸಿಗೆಯಲ್ಲಿ ಬೇಡಕಿಹಾಳದ ಬಾಬಾಸಾಹೇಬರ ಹಿರಿಯ ಮಗಳು ಶೈಲಾಳೊಂದಿಗೆ ನನ್ನ ಮದುವೆಯಾಯಿತು. ಅಳಿಯನ ಮೊದಲ ದೀಪಾವಳಿ ಎಂದರೆ ನಮ್ಮ ಕಡೆ ಸಣ್ಣ ಪಟ್ಟಾಭಿಷೇಕ. ಎಣ್ಣೆ ಹಚ್ಚಿ ಎರೆದರು, ಹೊಸ ಬಟ್ಟೆ ಕೊಟ್ಟರು, ಪಡಸಾಲೆಯಲ್ಲಿ ಹೊಸ ಟವೆಲು ಹಾಸಿದ ಖುರ್ಚಿಯ ಮೇಲೆ ಕೂರಿಸಿದರು, ನಾನು ಕಾಲ ಮೇಲೆ ಕಾಲು ಹಾಕಿ ಚಕಲಿ ಕರಂಜಿ ತಿನ್ನುತ್ತಾ ಈ ಜನ್ಮ ಸಾರ್ಥಕವೆಂದುಕೊಂಡೆ. ಪಾಡ್ಯದ ಮಧ್ಯಾಹ್ನ ಊಟವಾದ ಮೇಲೆ ಮನೆಯ ಹಿರಿಯ ಜೀವ, ಶೈಲಾಳ ಅಜ್ಜಿ ಲಕ್ಕವ್ವ, ಮನೆಮಂದಿಗೆಲ್ಲ ‘ಆಯಿ’, ಜಮಖಾನೆ ಹಾಸಿಸಿ ಸೊಂಟದ ಚಂಚಿಯಿಂದ ಇಸ್ಪೀಟಿನ ಕಟ್ಟು ತೆಗೆದರು. "ಬರ್ರಿ ಅಳ್ಯಾರ, ಒಂದ ಆಟ ಕತ್ತಿ ಆಡೂಣು. ಬರಲಿಲ್ಲಂದ್ರ ಕಲಿಸ್ತೀವಿ ಬಿಡ್ರಿ" ಎಂದರು. ಆಯಿಯ ಎರಡೂ ಕಣ್ಣಿನಲ್ಲಿ ಪೊರೆ ಬಂದಿತ್ತು, ಎಲೆಯನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರು; ಪಾಪ, ಮುದುಕಿಯನ್ನು ಗೆಲ್ಲಿಸಿ ಒಳ್ಳೆಯವನೆನಿಸಿಕೊಳ್ಳೋಣವೆಂದು ನಾನು ಖುರ್ಚಿಯಿಂದ ಕೆಳಗಿಳಿದೆ.

ಈ ಆಟ ತಮಗೆ ಗೊತ್ತಿರಲಾರದು, ಏಕೆಂದರೆ ತಮ್ಮನ್ನು ಬಿಟ್ಟು ಉಳಿದೆಲ್ಲರೂ ಅದನ್ನು ಆಡುತ್ತಾರೆ. ಎಲೆಗಳನ್ನೆಲ್ಲ ಹಂಚಿದ ಮೇಲೆ ಒಬ್ಬರು ಬದಾಮ, ಅಂದರೆ ಆಟೀನು, ಇಳಿಸಿದರೆ ಉಳಿದವರೂ ಬದಾಮವನ್ನೇ ಇಳಿಸಬೇಕು. ಯಾರ ಕೈಯಲ್ಲಿ ಬದಾಮ ಮುಗಿದಿದೆಯೋ ಅವರು ಬೇರೆ ಜಾತಿಯ ಎಲೆ ಹಾಕಿ ಕಡಿಯುತ್ತಾರೆ. ಆಗ ಎಲ್ಲರಿಗಿಂತ ದೊಡ್ಡ ಬದಾಮ ಹಾಕಿದ ಪುಣ್ಯವಂತ ನಡುವೆ ಬಿದ್ದ ಎಲೆಗಳನ್ನೆಲ್ಲ ಎತ್ತಿಕೊಳ್ಳಬೇಕು. ಕೈ ಖಾಲಿಯಾದವರು ಒಬ್ಬೊಬ್ಬರಾಗಿ ಎದ್ದು ಹಬ್ಬದ ತಿಂಡಿ-ಫರಾಳದ ತಾಟಿಗೆ ಕೈ ಹಾಕುತ್ತಾರೆ, ಕೊನೆಗೆ ಕೈತುಂಬ ಎಲೆ ಹಿಡಿದುಕೊಂಡು ಒಬ್ಬನೇ ಕುಳಿತವನು ಕತ್ತೆ. ಆ ದಿನ ನಾನು ದೊಡ್ಡ ಎಲೆ ಹಾಕಿದಾಗಲೆಲ್ಲ ಯಾರಾದರೊಬ್ಬರು ಕಡಿಯುತ್ತಲೇ ಹೋದರು. ಮಾವನವರು ಕೆಮ್ಮಿದರು, ಕಡಿತ ಬಿತ್ತು. ಅತ್ತೆಯವರು ಒಳಗಿನಿಂದ "ಚಾ ಬೇಕೇನ್ರೋ" ಎಂದು ಕೂಗಿದರು, ಕಡಿತ ಬಿತ್ತು. ಕಣ್ಣು ಕಾಣದ ಆಯಿ ಎಲ್ಲರಿಗಿಂತ ಮೊದಲು ಕೈ ಖಾಲಿ ಮಾಡಿ ಎಲೆ ಅಡಿಕೆ ಹಾಕಿಕೊಂಡರು, ನನ್ನ ಕೈಯಲ್ಲಿ ಮಾತ್ರ ಹಿಡಿಯಲಾರದಷ್ಟು ಎಲೆ ಉಳಿದವು.

ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕರು, ನಾನೂ ಅಳಿಯನಿಗೊಪ್ಪುವಷ್ಟು ನಕ್ಕೆ, ಆಟ ಮುಗಿಯಿತೆಂದು ಖುರ್ಚಿಯ ಕಡೆ ಹೊರಟೆ. ಆಗ ಶೈಲಾಳ ತಮ್ಮ ಅಮೋಲ ಖುರ್ಚಿಯನ್ನು ಎತ್ತಿ ಒಳಗೆ ಒಯ್ದು ಇಟ್ಟು ಬಂದ. ಅಕ್ಕನ ಗಂಡನಾದ ನನ್ನನ್ನು ಅವನು ದಾಜಿ ಎನ್ನುತ್ತಾನೆ. "ದಾಜಿ, ನಮ್ಮ ಮನ್ಯಾಗ ಪಾಡ್ಯೆದ ದಿನಾ ಕತ್ತಿ ಆದಾಂವ ಮುಂದಿನ ಪಾಡ್ಯೆತನಾ ಕತ್ತೀನs. ಯಾರ ಏನ ಕೆಲಸ ಹೇಳಿದ್ರೂ ಒಲ್ಲೆ ಅನ್ನಂಗಿಲ್ಲ. ಇದು ನಮ್ಮ ಮುತ್ಯಾನ ಕಾಲದ ಕಾಯ್ದೆ" ಎಂದ. ನಾನು ಕಾಯ್ದೆಯ ಮನುಷ್ಯ, ಕೋರ್ಟಿನ ಅಂಗಳದಲ್ಲಿ ಕೂರುವವನು, ಇದಕ್ಕೆ ಬರವಣಿಗೆಯ ಆಧಾರವೇನಿದೆ ಎಂದು ಕೇಳಿದೆ. ಆಯಿ ಚಂಚಿ ಕಟ್ಟಿಕೊಳ್ಳುತ್ತಾ, "ಏ ಕತ್ತಿ, ಬಾಯಿ ಬಿಡಬ್ಯಾಡ, ಹೋಗಿ ದನಕ್ಕ ನೀರ ಕುಡಿಸಿ ಬಾ" ಎಂದರು. ಬೆಳಿಗ್ಗೆ ‘ಬರ್ರಿ, ಕುಂದರ್ರಿ’ ಎಂದಿದ್ದ ಅದೇ ಬಾಯಿ.

ಆಮೇಲಿನ ನನ್ನ ಸೇವಾ ವಿವರಗಳನ್ನು ತಮ್ಮಂಥ ಹಿರಿಯ ಸಹೋದ್ಯೋಗಿಗಳ ಅವಗಾಹನೆಗೆ ತರುತ್ತೇನೆ. ಆಯಿಯ ತಂಗಿ ಕಮಲಾಬಾಯಿ ಧಾರವಾಡದಿಂದ ರೈಲಿನಲ್ಲಿ ಬಂದಾಗ ರಾಯಬಾಗ ಸ್ಟೇಶನ್ನಿಗೆ ಹೋಗಿ ಅವರನ್ನು, ಅವರ ಉಪ್ಪಿನಕಾಯಿ ಭರಣಿಯನ್ನು, ಅವರ ಹೊಲಿಗೆ ಯಂತ್ರವನ್ನು ಒಂದೇ ಬೈಕಿನ ಮೇಲೆ ತಂದವನು ನಾನು. ಹಾದಿಯುದ್ದಕ್ಕೂ ಅವರು ಹೊಲಿಗೆ ಯಂತ್ರ ಹುಷಾರಾಗಿದೆಯೇ ಎಂದು ಕೇಳಿದರೇ ಹೊರತು ನಾನು ಹುಷಾರಾಗಿದ್ದೇನೆಯೇ ಎಂದು ಕೇಳಲಿಲ್ಲ. ಮಾವನವರ ಬಲಗಾಲು ಎಡಗಾಲಿಗಿಂತ ದೊಡ್ಡದು, ಅಂಗಡಿಯ ಚಪ್ಪಲಿ ಅವರಿಗೆ ಕೂಡುವುದಿಲ್ಲ. ಆದ್ದರಿಂದ ಎರಡೂ ಪಾದಗಳ ಗೆರೆ ಎಳೆದ ಹಾಳೆಯನ್ನು ಮಡಚಿಟ್ಟುಕೊಂಡು ಅಥಣಿಗೆ ಹೋಗಿ, ಚಪ್ಪಲಿ ಹೊಲಿಯುವವರ ಮುಂದೆ ಅದನ್ನು ಬಿಡಿಸಿ ತೋರಿಸಿದವನೂ ನಾನೇ. ಅವರು ಹಾಳೆ ನೋಡಿ "ಬಾಬಾಸಾಹೇಬರು ಆರಾಮ ಅದಾರೇನ್ರಿ?" ಎಂದು ಕೇಳಿದರು, ಕಾಲಿನಿಂದಲೇ ಗುರುತು ಹಿಡಿದಿದ್ದರು. ಆ ವರ್ಷ ಕಬ್ಬು ಉಗಾರ ಖುರ್ದದ ಫ್ಯಾಕ್ಟರಿಗೆ ಹೋಗಿತ್ತು. ಟ್ರ್ಯಾಕ್ಟರಿನ ಸಾಲಿನಲ್ಲಿ ಪಾಳಿ ಕಾಯುತ್ತಾ ಕುಳಿತ ಅಮೋಲನಿಗೆ ಬುತ್ತಿ ಒಯ್ದು, ಅವನು ಉಂಡು ಮಲಗಿದಾಗ ಟ್ರ್ಯಾಕ್ಟರು ಕಾದು, ಸಾಲು ಮುಂದೆ ಸರಿದಾಗ ಅವನನ್ನು ಒದ್ದು ಎಬ್ಬಿಸಿದ್ದೇನೆ. ಒದೆಯುವಾಗ ತಮ್ಮ ನೆನಪಾಯಿತು. ನಾದಿನಿ ಭಾಗ್ಯಾಳ ಮದುವೆಯ ಕಾರ್ಡುಗಳನ್ನು ಕಾಗವಾಡದ ಓಣಿ ಓಣಿ ತಿರುಗಿ ಹಂಚಿದವನೂ ನಾನೇ, ಅಲ್ಲಿ ಒಬ್ಬ ಹಿರಿಯರು ನೀವು ಹುಡುಗಿಗೆ ಏನಾಗಬೇಕೆಂದು ಕೇಳಿದಾಗ ಅಭ್ಯಾಸಬಲದಿಂದ "ಕತ್ತಿ" ಎಂದುಬಿಟ್ಟು, ತಿದ್ದಿ ಹೇಳುವಷ್ಟರಲ್ಲಿ ಅವರು ಬಾಗಿಲು ಹಾಕಿಕೊಂಡರು.

ಎಲ್ಲಕ್ಕಿಂತ ದೊಡ್ಡ ಕೆಲಸ ಆಯಿಯ ಕಣ್ಣಿನದು. ನಿಪ್ಪಾಣಿಯ ಕಣ್ಣಿನ ಡಾಕ್ಟರ ಹತ್ತಿರ ತೋರಿಸಲು, ಆಪರೇಶನ್ ಮಾಡಿಸಲು, ಆಮೇಲೆ ಔಷಧಿ ಹಾಕಿಸಲು, ಮತ್ತೆ ತೋರಿಸಲು ಎಂದು ಎಷ್ಟು ಸಲ ಹೋಗಿಬಂದೆವೋ ಲೆಕ್ಕವಿಟ್ಟಿಲ್ಲ. ಆಯಿ ಬೈಕಿನ ಹಿಂದೆ ಅಡ್ಡ ಕುಳಿತು ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿದು ಹಾದಿಯಲ್ಲಿ ಬರುವ ಪ್ರತಿ ಊರಿನ, ಪ್ರತಿ ತೋಟದ, ಪ್ರತಿ ಮನೆತನದ ಜಗಳಗಳನ್ನು ಕಣ್ಣು ಕಾಣದೆಯೇ ಹೇಳುತ್ತಿದ್ದರು. ಯಾವ ತಿರುವಿನಲ್ಲಿ ಯಾರ ಮನೆ ಎಂಬುದು ಅವರಿಗೆ ಗಾಳಿಯಿಂದಲೇ ತಿಳಿಯುತ್ತಿತ್ತು. ಒಂದು ಕಣ್ಣಿನ ಪಟ್ಟಿ ಬಿಚ್ಚಿದ ದಿನ ಮೊದಲು ನನ್ನ ಮುಖ ನೋಡಿ, "ಹಿಂಗ ಅದೀಯೇನ? ನಾ ಇನ್ನ ಸ್ವಲ್ಪ ಚಂದ ಇರಬೇಕ ಅಂದಿದ್ನಿ" ಎಂದರು. ಇನ್ನೊಂದು ಕಣ್ಣನ್ನು ಈ ಚಳಿಗಾಲದಲ್ಲಿ ಮಾಡೋಣವೆಂದು ಡಾಕ್ಟರು ಹೇಳಿದ್ದರು.

ಇಲ್ಲಿ ಒಂದು ಮಾತು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನಾನು ಒಬ್ಬನೇ ಮಗ. ನನ್ನ ತಂದೆ ಜ್ಞಾನದೇವರು ಅಂಚೆ ಇಲಾಖೆಯಲ್ಲಿದ್ದು ಊರೂರು ತಿರುಗಿದವರು, ಮಿತಭಾಷಿ. ನಮ್ಮ ಮನೆಯಲ್ಲಿ ಯಾರೂ ಯಾರ ಹೆಸರನ್ನೂ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಕೂಗಿದ್ದು ನನಗೆ ನೆನಪಿಲ್ಲ. ಅಂಥವನ ಮೊಬೈಲಿಗೆ ದಿನಕ್ಕೊಮ್ಮೆ ಬೇಡಕಿಹಾಳದಿಂದ ಮಿಸ್ಡ್ ಕಾಲ್ ಬರುವುದು, ತಿರುಗಿ ಮಾಡಿದರೆ ಆ ಕಡೆಯಿಂದ "ಏ ಕತ್ತಿ, ಎಲ್ಲಿ ಹಾಳಾಗಿ ಹೋಗಿದ್ದಿ?" ಎಂದು ಕೇಳಿಸುವುದು ಮೊದಮೊದಲು ಮೈ ಉರಿಸಿತು, ಆಮೇಲಾಮೇಲೆ ಅದು ಬಾರದ ದಿನ ಊಟ ರುಚಿಸದಂತಾಯಿತು. ಅಳಿಯನಾಗಿದ್ದಾಗ ಪಡಸಾಲೆಯಾಚೆ ಆ ಮನೆಯಲ್ಲಿ ಏನಿದೆಯೆಂದೇ ನನಗೆ ಗೊತ್ತಿರಲಿಲ್ಲ. ಕತ್ತೆಯಾದ ಮೇಲೆ ಹಿತ್ತಲ ಬಾಗಿಲಿನಿಂದ ಒಳಬಂದು, ಅಡುಗೆಮನೆಯ ನೆಲದಲ್ಲಿ ಕುಳಿತು, ಹಂಚಿನ ಮೇಲಿನ ರೊಟ್ಟಿಯನ್ನು ನೇರ ಕೈಗೆ ಹಾಕಿಸಿಕೊಂಡು ಖಾರಬ್ಯಾಳಿಯೊಂದಿಗೆ ತಿಂದೆ. ಆ ರುಚಿ ತಾಟಿನಲ್ಲಿ ಬಡಿಸಿದ ಊಟಕ್ಕೆ ಇಲ್ಲ, ಮಾನ್ಯರೇ, ನಾನು ಎರಡನ್ನೂ ಉಂಡವನು.

ಆದರೂ ಮನುಷ್ಯನ ಬುದ್ಧಿ ತಮ್ಮಷ್ಟು ಸ್ಥಿರವಲ್ಲ. ಜಿನ್ನಪ್ಪ ದಿನಾ ಚುಚ್ಚುತ್ತಿದ್ದ: "ಎಷ್ಟ ದಿನಾ ಕತ್ತಿ ಆಗಿರಾಂವ? ಗಂಡಸ ಹೌದೋ ಅಲ್ಲೋ?" ನಾನೂ ಅಳಿಯತನದ ಮಾನ ಮರಳಿ ಪಡೆಯುತ್ತೇನೆಂದು ಶಪಥ ಮಾಡಿ, ಕೋರ್ಟಿಗೆ ರಜೆಯಿರುವ ಮಧ್ಯಾಹ್ನಗಳಲ್ಲಿ ಬೇವಿನ ಮರದ ಕೆಳಗೆ ಜಿನ್ನಪ್ಪನೊಂದಿಗೆ ಎಲೆ ಹಿಡಿದು ಅಭ್ಯಾಸ ಮಾಡಿದೆ. ಈ ದೀಪಾವಳಿಗೆ ಸಜ್ಜಾಗಿ ಹೋದೆ. ಭಾಗ್ಯಾಳ ಗಂಡ ವಿಕ್ರಾಂತರಿಗೆ ಇದು ಮೊದಲ ದೀಪಾವಳಿ. ನಿಪ್ಪಾಣಿಯ ಬ್ಯಾಂಕಿನಲ್ಲಿ ಅಧಿಕಾರಿ, ಇಸ್ತ್ರಿ ಮುರಿಯದ ಅಂಗಿ, ತಂಪು ಗಾಳಿಯ ಕಾರು. ಅದೇ ಖುರ್ಚಿ, ಅದೇ ಟವೆಲು, ಅದೇ ಕಾಲ ಮೇಲೆ ಕಾಲು. ಊಟಕ್ಕೆ ಮೊದಲು ಆಯಿ ನನ್ನನ್ನು ಅಡುಗೆಮನೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿಕೊಟ್ಟರು: ಮಾವ ಕೆಮ್ಮಿದರೆ ಅವರ ಕೈಯಲ್ಲಿ ಇಸ್ಪೀಟ ಜಾತಿಯ ಎಲೆ ಮುಗಿದಿದೆ, ಅತ್ತೆ ಚಹಾ ಕೇಳಿದರೆ ಅಮೋಲನ ಕೈಯಲ್ಲಿ ಚೌಕಟ ಮುಗಿದಿದೆ, ಆಯಿ ಚಂಚಿ ಬಿಚ್ಚಿದರೆ ಬದಾಮ. ಹೋದ ವರ್ಷ ನನ್ನನ್ನು ಹೊಡೆದು ಹಾಕಿದ್ದು ಹಣೆಬರಹವಲ್ಲ, ಇಡೀ ಮನೆತನ! "ಹೊಸಾ ಅಳ್ಯಾ ಕತ್ತಿ ಆಗೂದs ಪದ್ಧತಿ. ನಿಮ್ಮ ಮಾವನ ತಂಗೀ ಗಂಡನೂ ಆಗ್ಯಾನ, ಅವರಪ್ಪನ ಕಾಲಕ್ಕೂ ಆಗ್ಯಾರ" ಎಂದು ಆಯಿ ಸಮಾಧಾನ ಹೇಳಿದರು.

ಆ ಮಧ್ಯಾಹ್ನ ನಾನು ಮೊದಲ ಬಾರಿಗೆ ಮನೆಯವರ ಕಡೆ ಕುಳಿತು ಆಡಿದೆ, ಸುಳ್ಳು ಹೇಳಲಾರೆ, ಬಹಳ ಖುಷಿಯಾಯಿತು. ವಿಕ್ರಾಂತರು ಎಕ್ಕಾ ಹಾಕುವುದು, ನಾವು ಕಡಿಯುವುದು, ಅವರು ಎತ್ತಿಕೊಳ್ಳುವುದು. ಕೊನೆಯ ಸುತ್ತಿನಲ್ಲಿ ಅವರ ಬೆನ್ನ ಮೇಲೆ ಕಳಾವರ ರಾಣಿಯನ್ನು ಹೇರಿದವನು ನಾನೇ. ಎಲ್ಲರೂ ಚಪ್ಪಾಳೆ ತಟ್ಟಿದರು, ಅಮೋಲ ಖುರ್ಚಿ ಎತ್ತಿದ. ಆದರೆ ಆ ಖುರ್ಚಿಯನ್ನು ಅವನು ಒಳಗೆ ಒಯ್ಯಲಿಲ್ಲ, ತಂದು ನನ್ನ ಮುಂದೆ ಹಾಕಿದ. ಆಯಿ, "ಏ ಕತ್ತಿ, ದನಕ್ಕ ನೀರ ಕುಡಿಸಿ ಬಾ" ಎಂದರು; ನಾನು ಎದ್ದು ನಿಂತೆ, ಬಾಗಿಲವರೆಗೂ ಹೋದೆ. "ನೀವಲ್ರಿ ಸುಧೀರರಾವ, ನೀವ ಕುಂದರ್ರಿ" ಎಂದರು. ಬಕೆಟ್ಟು ಹಿಡಿದು ಹೋದವರು ವಿಕ್ರಾಂತರು.

ಅಂದಿನಿಂದ ನನ್ನ ಮೊಬೈಲು ಸತ್ತಂತಿದೆ. ಒಮ್ಮೆ ಶೈಲಾಳೊಂದಿಗೆ ಹೋದಾಗ ಟವೆಲು ಹಾಸಿದ ಖುರ್ಚಿಯಲ್ಲಿ ಕೂರಿಸಿ, ತಾಟಿನಲ್ಲಿ ಊಟ ಬಡಿಸಿ, ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿರೆಂದು ಉಪಚಾರ ಮಾಡಿ ಕಳಿಸಿದರು. ಒಂದು ಕೆಲಸ ಹೇಳಲಿಲ್ಲ, ಒಂದು ಬೈಗುಳ ಬೈಯಲಿಲ್ಲ. ಆಯಿಯ ಇನ್ನೊಂದು ಕಣ್ಣಿನ ಆಪರೇಶನ್ ಗೊತ್ತಾಗಿದೆಯೆಂದು, ವಿಕ್ರಾಂತರು ಕಾರಿನಲ್ಲಿ ಕರೆದೊಯ್ಯುತ್ತಾರೆಂದು ನನಗೆ ಶೈಲಾಳಿಂದ ತಿಳಿಯಬೇಕಾಯಿತು. ಕರೆಯದ ಮನೆಗೆ ಹೋಗುವ ಸಂಸ್ಕಾರ ನಮ್ಮದಲ್ಲ. ಬೇವಿನ ಮರದ ಕೆಳಗೆ ಕುಳಿತು ಕರೆ ಬರುವುದನ್ನು ಕಾಯುತ್ತಾ ಒಬ್ಬರ ಬಾಡಿಗೆ ಕರಾರಿನಲ್ಲಿ ಬಾಡಿಗೆದಾರನ ಹೆಸರಿನ ಜಾಗದಲ್ಲಿ ತಮ್ಮ ಹೆಸರು ಬರೆದೆ.

ಆದ್ದರಿಂದ ಮಾನ್ಯರಲ್ಲಿ ನನ್ನ ಪ್ರಾರ್ಥನೆಗಳು. ಕಾರಿಟ್ಟುಕೊಂಡ ಕತ್ತೆ ಯಾವ ಶಾಸ್ತ್ರದಲ್ಲೂ ಇಲ್ಲವಾದ್ದರಿಂದ ಸದರಿ ವಿಕ್ರಾಂತರ ನೇಮಕಾತಿಯನ್ನು ತಮ್ಮ ಸಮುದಾಯ ಮಾನ್ಯ ಮಾಡಬಾರದು. ನಾನು ಒಂದು ವರ್ಷ ತೃಪ್ತಿಕರವಾಗಿ ಭಾರ ಹೊತ್ತಿದ್ದೇನೆ, ಎಲ್ಲಿಯೂ ದಾರಿಯಲ್ಲಿ ಮಲಗಿಲ್ಲ, ಯಾರನ್ನೂ (ಅಮೋಲನನ್ನು ಹೊರತುಪಡಿಸಿ) ಒದ್ದಿಲ್ಲವೆಂದು ತಮ್ಮ ಗೊರಸಿನ ಮುದ್ರೆಯೊಂದಿಗೆ ಪ್ರಮಾಣಪತ್ರ ಕೊಡಬೇಕು. ಮಾವನ ಮನೆಯ ಪಡಸಾಲೆಗೆ ಒಮ್ಮೆ ದಯಮಾಡಿಸಿ ಆ ಖುರ್ಚಿಗೆ ತಮ್ಮ ಹಿಂಗಾಲಿನ ಒಂದು ಪ್ರಸಾದ ಕರುಣಿಸಿದರೆ ಅದರ ದುರಸ್ತಿಯ ಕೆಲಸವಾದರೂ ನನಗೆ ಹೇಳಬಹುದು. ಅಷ್ಟೂ ಆಗದಿದ್ದರೆ ಆಯಿಯ ಕಿಟಕಿಯ ಬಳಿ ನಿಂತು ತಮ್ಮ ಮಧುರ ಕಂಠದಲ್ಲಿ ಒಮ್ಮೆ ನನ್ನ ಹೆಸರು ಕೂಗಬೇಕು. ಕಾರ್ಯವಾಸಿ ಕತ್ತೆ ಕಾಲು ಹಿಡಿ ಎಂದು ಹಿರಿಯರು ಹೇಳಿದ್ದಾರೆ. ನನ್ನ ಕಾರ್ಯವೂ ತಾವೇ, ಹಿಡಿಯುತ್ತಿರುವ ಕಾಲೂ ತಮ್ಮದೇ.

ಇಲ್ಲಿಯವರೆಗೆ ಬರೆದು, ಕಾರ್ಬನ್ ಹಾಕಿ ಟೈಪು ಮಾಡಿ, ತಮಗೆ ಖುದ್ದಾಗಿ ಸಲ್ಲಿಸಲೆಂದು ನಾನು ಭಾನುವಾರ ಬೇಡಕಿಹಾಳದ ಬಸ್ಸು ಹಿಡಿದೆ. ಭಟ್ಟಿಗೆ ಹೋಗುವ ದಾರಿ ಮಾವನ ಹಿತ್ತಲ ಪಕ್ಕದಲ್ಲೇ ಹಾದುಹೋಗುತ್ತದೆಂಬುದು ತಮಗೆ ಗೊತ್ತು. ಆಯಿ ಅಲ್ಲಿ ಬಿಸಿಲಿಗೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ನಾನು ತಲೆ ತಗ್ಗಿಸಿ ದಾಟುವಷ್ಟರಲ್ಲಿ ಒಂದೇ ಕಣ್ಣಿನಿಂದ ಗುರುತು ಹಿಡಿದು, "ಭಟ್ಟಿ ಕಡೆ ಏನ ಕೆಲಸ ತಗದಿ?" ಎಂದರು. ಪತ್ರವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡೆ. "ಆಯಿ, ತಿಂಗಳಾತು, ಒಂದ ಫೋನ್ ಇಲ್ಲ, ಒಂದ ಕೆಲಸ ಹೇಳಿಲ್ಲ. ನಾ ಏನ ತಪ್ಪ ಮಾಡೇನಿ?" ಎಂದು ಕೇಳಿಯೇಬಿಟ್ಟೆ.

ಆಯಿ ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಹುಚ್ಚಪ್ಪಾ, ಕತ್ತೀಗ ಕರದ ಕೆಲಸ ಹೇಳಬೇಕ, ಹೇಳಲಿಲ್ಲಂದ್ರ ನಿಂತಲ್ಲೆ ನಿಂತಿರತೈತಿ. ಮನೀ ಮಗಗ ಯಾರರ ಕರದ ಹೇಳ್ತಾರೇನ? ನಮ್ಮ ಅಮೋಲಗ ನಾವ ಫೋನ್ ಮಾಡಿ ಕರೀತೀವೇನ? ವರ್ಷ ಪೂರ್ತಿ ಕತ್ತಿ ಮಾಡಿ ಎಲ್ಲಾ ತೋರಿಸಿಕೊಟ್ಟೀವಿ. ಇನ್ನ ಕರೀಲಾರದ ಬರ್ತಾನೋ ಇಲ್ಲೋ ಅಂತ ತಿಂಗಳಾತು ದಾರಿ ನೋಡಾಕತ್ತೀನಿ. ನೀ ಅಲ್ಲೆ ಚಿಕ್ಕೋಡ್ಯಾಗ ಕುಂತ ಕರೀಲಿ ಅಂತಿ" ಎಂದರು. ನಾನು ಅಲ್ಲೇ ಕುಳಿತು ಶೇಂಗಾ ಸುಲಿಯತೊಡಗಿದೆ, ಎಷ್ಟೋ ಹೊತ್ತು ಸುಲಿದೆ. "ನಾಳೆ ನಿಪ್ಪಾಣಿಗೆ ಹೋಗೂದೈತಿ" ಎಂದರು ಆಮೇಲೆ. ‘ಬಾ’ ಎನ್ನಲಿಲ್ಲ.

ಮರುದಿನ ಕೋರ್ಟಿಗೆ ಚಕ್ಕರ್ ಹೊಡೆದೆ. ವಿಕ್ರಾಂತರು ಸ್ಟೇರಿಂಗ್ ಹಿಡಿದರು, ಹಿಂದೆ ಆಯಿಯ ಪಕ್ಕ ನಾನು ಕುಳಿತೆ, ಆಯಿ ಎಂದಿನಂತೆ ನನ್ನ ಹೆಗಲು ಹಿಡಿದು ಹಾದಿಯ ಮನೆತನಗಳ ಜಗಳಗಳನ್ನು ಈ ಸಲ ವಿಕ್ರಾಂತರಿಗೆ ಹೇಳಿದರು. ಆಸ್ಪತ್ರೆಯಲ್ಲಿ ಆಯಿಯನ್ನು ಒಳಗೆ ಕರೆದೊಯ್ಯಲು ಬಂದ ನರ್ಸಮ್ಮ, ಒಬ್ಬರು ಮಾತ್ರ ಜೊತೆಗೆ ಬರಬಹುದೆಂದು ಹೇಳಿ, ನಮ್ಮಿಬ್ಬರನ್ನೂ ನೋಡಿ, ಇವರು ಯಾರಾಗಬೇಕೆಂದು ಕೇಳಿದರು. ಆಯಿ ಮೊದಲು ನನ್ನ ಕಡೆ ಕೈ ತೋರಿಸಿ "ಇಂವ ನನ್ನ ಮೊಮ್ಮಗ" ಎಂದರು, ಆಮೇಲೆ ಆ ಕಡೆ ಕೈ ತೋರಿಸಿ "ಅಂವ ನಮ್ಮ ಮನೀ ಕತ್ತಿ" ಎಂದರು. ನರ್ಸಮ್ಮ ಗಾಬರಿಯಿಂದ ನೋಡಿದರು. ಇಸ್ತ್ರಿ ಅಂಗಿಯ ಬ್ಯಾಂಕ್ ಅಧಿಕಾರಿಗಳು ಒಂದು ಕೈಯಲ್ಲಿ ನೀರಿನ ಕ್ಯಾನು, ಇನ್ನೊಂದು ಕೈಯಲ್ಲಿ ಆಯಿಯ ಹಾಸಿಗೆಯ ಗಂಟು ಹಿಡಿದುಕೊಂಡು, "ಹೌದ್ರಿ" ಎಂದು ವಿನಯದಿಂದ ಗೋಣು ಹಾಕಿದರು. ನಾನು ಒಳಗೆ ಹೋದೆ.

ಮೇಲ್ಕಾಣಿಸಿದ ಪ್ರಾರ್ಥನೆಗಳನ್ನೆಲ್ಲ ಈ ಮೂಲಕ ಹಿಂದಕ್ಕೆ ಪಡೆದಿದ್ದೇನೆ. ಬರೆದ ಕಾಗದವನ್ನು ಹರಿಯುವ ಪದ್ಧತಿ ನಮ್ಮ ವೃತ್ತಿಯಲ್ಲಿ ಇಲ್ಲದ್ದರಿಂದ ಪತ್ರ ಮಾತ್ರ ಹಾಗೆಯೇ ಉಳಿದಿದೆ.

ಇಂತು, ಭಾರ ಇಳಿದರೂ ಹಗುರವಾಗಲೊಲ್ಲದ

ತಮ್ಮ ವಿಶ್ವಾಸಿ,
ಸುಧೀರ ಜ್ಞಾನದೇವ ಖೋತ
ಬಾಂಡ್ ರೈಟರ್ ಹಾಗೂ ಮಾಜಿ ಕತ್ತೆ, ಚಿಕ್ಕೋಡಿ

ತಾ.ಕ.: ಈ ಪತ್ರದ ಮೂಲ ಪ್ರತಿಯನ್ನು ನಿಪ್ಪಾಣಿಯಿಂದ ಬಂದ ಸಂಜೆ ತಮ್ಮ ಸನ್ನಿಧಿಗೆ ಒಪ್ಪಿಸಿದಾಗ ತಾವು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅಲ್ಲಿಯೇ ನಿಂತು ತಿಂದು ಮುಗಿಸಿದಿರಿ, ಪತ್ರಿಕೆಗೆ ಕಳಿಸುತ್ತಿರುವುದು ಉಳಿದ ಕಾರ್ಬನ್ ಪ್ರತಿ. ನನ್ನ ಇಷ್ಟು ವರ್ಷದ ವೃತ್ತಿಯಲ್ಲಿ ಅರ್ಜಿಯನ್ನು ಸಲ್ಲಿಸಿದ ದಿನವೇ ವಿಲೇವಾರಿ ಮಾಡಿದ ಅಧಿಕಾರಿಯನ್ನು ನಾನು ಕಂಡಿರಲಿಲ್ಲ. ನಾನು ಓಡಾಡುವ ಇತರ ಕಚೇರಿಗಳಲ್ಲಿಯೂ ತಿನ್ನುತ್ತಾರೆ, ಆದರೆ ಅಲ್ಲಿ ಕಾಗದವನ್ನು ಮಾತ್ರ ಮುಟ್ಟುವುದಿಲ್ಲ.